ಡಾಂಬರಿನ ಕೆರೆ, ಗುಡ್ಡದ ಬೆಂಕಿ

ಅಮೆರಿಕದ ಲಾಸ್ ಏಂಜಲೀಸ್ ನಗರದ ಹ್ಯಾನ್‌ಕಾಕ್ ಉದ್ಯಾನದಲ್ಲಿ ನೆಲದೊಳಗಿಂದ ಡಾಂಬರು ಒಸರುವ ಕೆರೆಯೊಂದಿದೆ. 1960ರ ದಶಕದಲ್ಲಿ ಶಿಲ್ಪಿ ಹೋವರ್ಡ್ ಬಾಲ್ ಅದಕ್ಕೆಂದು ಮ್ಯಾಮತ್ ಕುಟುಂಬವೊಂದರ ಪ್ರತಿಮೆಗಳನ್ನು ರೂಪಿಸಿದರು. ಆನೆಯ ಬಂಧುವಾದ ಈ ಪ್ರಾಣಿಗಳಲ್ಲಿ ಒಂದು ಡಾಂಬರಿನಲ್ಲಿ ಹೂತು ಸೊಂಡಿಲೆತ್ತಿ ಒರಲುತ್ತಿದ್ದರೆ, ಮರಿಯೂ ಇನ್ನೊಂದು ದೊಡ್ಡ ಮ್ಯಾಮತ್ತೂ ದಡದಲ್ಲಿ ಅಸಹಾಯಕವಾಗಿ ನಿಂತಿವೆ. ನೋಡಿದವರ ಕರುಳು ಚುರುಕ್ಕೆನ್ನುತ್ತದೆ.

ಆದರೆ ಪ್ರತಿಮೆಗಳು ಹೇಳುವುದು ಅರ್ಧ ಕಥೆಯನ್ನು ಮಾತ್ರ. ಆ ಕೆರೆ ಹಿಮಯುಗದ್ದಲ್ಲ. 19ನೆಯ ಶತಮಾನದಲ್ಲಿ ಡಾಂಬರಿಗಾಗಿ ಮನುಷ್ಯರು ತೋಡಿದ ಗಣಿಗುಂಡಿ. ಹಿಮಯುಗದ ನಿಜವಾದ ಬಲೆಗೆ ಅಷ್ಟು ಆಳವೇ ಬೇಕಿರಲಿಲ್ಲ. ತರಗೆಲೆ, ಧೂಳು ಮುಚ್ಚಿದ ಕೆಲವೇ ಅಂಗುಲದ ಡಾಂಬರಿಗೆ ಬೈಸನ್‌ನಂಥ ಪ್ರಾಣಿಯ ಕಾಲು ಅಂಟುತ್ತಿತ್ತು. ಅದನ್ನು ತಿನ್ನಬಂದ ತೋಳಗಳೂ ಅಲ್ಲಿಯೇ ಸಿಕ್ಕಿಬೀಳುತ್ತಿದ್ದವು. ಈವರೆಗೆ ದೊರೆತ 35 ಲಕ್ಷಕ್ಕೂ ಮಿಕ್ಕ ಪಳೆಯುಳಿಕೆಗಳಲ್ಲಿ ಡೈರ್ ತೋಳವೆಂಬ ಒಂದೇ ಜಾತಿಯ 4000ಕ್ಕೂ ಹೆಚ್ಚು ಪ್ರಾಣಿಗಳ ಎಲುಬುಗಳಿವೆ.

ಈ ಬಲೆ ಹತ್ತಾರು ಸಾವಿರ ವರ್ಷ ಅಲ್ಲಿಯೇ ಇದ್ದರೂ ಆ ಜೀವಸಂಕುಲ ಅಳಿದಿರಲಿಲ್ಲ. ಹಾಗಾದರೆ ಅದನ್ನು ಅಳಿಸಿದ್ದು ಯಾವುದು? 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಹುಡುಕಿದೆ. ಸಂಶೋಧಕರು 8 ಜಾತಿಗಳ 172 ಪಳೆಯುಳಿಕೆಗಳ ಕಾಲವನ್ನು ನಿರ್ಣಯಿಸಿದರು. ಸುಮಾರು 12,900 ವರ್ಷಗಳ ಹಿಂದಿನ ಹೊತ್ತಿಗೆ ಕತ್ತಿಹಲ್ಲಿನ ಬೆಕ್ಕು, ಡೈರ್ ತೋಳ, ಕುದುರೆ, ಒಂಟೆ ಸೇರಿ 7 ಜಾತಿಗಳು ಅಲ್ಲಿಂದ ಕಣ್ಮರೆಯಾಗಿದ್ದವು. ಉಳಿದದ್ದು ಕಯೋಟಿ ಎಂಬ ಸಣ್ಣ ತೋಳವೊಂದೇ. ಅದೇ ಸೀಮೆಯ ಎಲ್ಸಿನೋರ್ ಸರೋವರದ ಹೂಳಿನಲ್ಲಿ, ಅಳಿವಿಗೆ ತುಸು ಮೊದಲು, ಸುಮಾರು 13,200 ವರ್ಷಗಳ ಹಿಂದೆ, ಇದ್ದಿಲಿನ ಪ್ರಮಾಣ ಥಟ್ಟನೆ ಏರಿದೆ. ನೆಲ ಬಿಸಿಯೇರಿ ಒಣಗುತ್ತಿದ್ದ ಕಾಲದಲ್ಲಿ ಹೆಚ್ಚುತ್ತಿದ್ದ ಮನುಷ್ಯರ ಬೆಂಕಿಯೂ ಸೇರಿ ಕಾಡಿನ ಸ್ವರೂಪವೇ ಬದಲಾಯಿತೆಂಬುದು ಸಂಶೋಧಕರ ತೀರ್ಮಾನ.

ಒಂದು ಮ್ಯಾಮತ್ತಿನ ಸಾವನ್ನು ಶಿಲ್ಪವಾಗಿಸಬಹುದು. ಕಾಡು ಮೆಲ್ಲಮೆಲ್ಲನೆ ಒಣಗಿ, ಉರಿದು, ಬರಿದಾಗುವುದನ್ನು ಯಾವ ಶಿಲ್ಪಿ ಕಡೆದಾನು? ಬೇಸಗೆಯಲ್ಲಿ ಗುಡ್ಡಕ್ಕೆ ಹತ್ತುವ ಬೆಂಕಿಯನ್ನು ವರ್ಷವರ್ಷವೂ ಕಾಣುವ ಬೆಟ್ಟದ ಜನರಿಗೆ ಆ ಇದ್ದಿಲಿನ ಭಾಷೆ ಅಪರಿಚಿತವಲ್ಲ. ಒಂದು ಬೆಂಕಿಯಿಂದ ಕಾಡು ಸಾಯುವುದಿಲ್ಲ ನಿಜ. ಆದರೆ ಒಣಗುತ್ತಿರುವ ನೆಲಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದರೆ ಅದು ಮರಳಿ ಚಿಗುರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಹಳ್ಳಿಗಳು ಬೇಸಗೆಗೆ ಮುನ್ನವೇ ಬೆಂಕಿಗೆರೆಗಳನ್ನು ಸವರಲಿ. ಎಲ್ಲಿ, ಯಾವ ದಿನ, ಎಷ್ಟು ಗುಡ್ಡ ಉರಿಯಿತೆಂಬುದನ್ನು ವಿದ್ಯಾರ್ಥಿಗಳು ಬರೆದಿಡಲಿ. ಹೂಳಿನೊಳಗಿನ ಇದ್ದಿಲು ಲೆಕ್ಕ ಒಪ್ಪಿಸುವ ತನಕ ಕಾಯುವಷ್ಟು ವ್ಯವಧಾನ ನಮ್ಮ ಕಾಡಿಗಿಲ್ಲ.