ಗಾಲಿಯ ಬಳಿ ನಿಂತವರು



ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರನ್ನು ಎಳೆಯುವವರು ಸಾವಿರಾರು ಮಂದಿ. ಗಾಲಿಯ ಬಳಿ ಮರದ ತುಂಡು ಹಿಡಿದು ಅದರ ಓಟವನ್ನು ತಡೆಯುವವರು ಕೆಲವರೇ. 2017ರ ಫೆಬ್ರವರಿಯಲ್ಲಿ ಆ ತೇರು ಉರುಳಿ ಭಕ್ತರು ಗಾಯಗೊಂಡುದನ್ನು ನಮ್ಮ ಸೀಮೆ ಮರೆತಿಲ್ಲ. ಚಲಿಸುವುದೆಲ್ಲಕ್ಕೂ ಹಿಡಿತ ಬೇಕೆಂಬುದು ಅಂದಿನಿಂದ ನಮ್ಮ ಮನದಲ್ಲಿದೆ.

ಈಚೆಗೆ ಕೂಡ್ಲಿಗಿ ಕಡೆಯ ಭಕ್ತರೊಬ್ಬರು ಮಗನನ್ನು ನಮ್ಮಲ್ಲಿಗೆ ಕರೆತಂದರು. ಹುಡುಗನ ಬೆರಳಿಗೆ ಪಟ್ಟಿ. ರೇಡಿಯೋ ಸಂಕೇತದಿಂದ ಹಾರುವ ಪುಟ್ಟ ವಿಮಾನಕ್ಕೆ ವೇಗನಿಯಂತ್ರಕವನ್ನು ತಾನೇ ಮಾಡಿದ್ದನಂತೆ. ಬ್ಯಾಟರಿ ಜೋಡಿಸಿದೊಡನೆ ಪಂಖ ತಿರುಗಿ ಬೆರಳನ್ನು ಸೀಳಿತ್ತು. "ಗುರುಗಳೇ, ಈ ಹುಚ್ಚನ್ನು ನೀವಾದರೂ ಬಿಡಿಸಿರಿ" ಎಂದರು ತಂದೆ.

ನಾವು ಮೊದಲು ಹುಡುಗನಿಂದ ಕೇಳಿ ತಿಳಿದೆವು. ಹಿಂದೆ ತಂತಿಸುರುಳಿಯ ತಡೆಯೊಡ್ಡಿ ಮೋಟಾರಿನ ವೇಗ ತಗ್ಗಿಸುತ್ತಿದ್ದರು. ಶಕ್ತಿಯ ಒಂದು ಪಾಲು ಶಾಖವಾಗಿ ಹಾಳಾಗುತ್ತಿತ್ತು. ಈಗ ಟ್ರಾನ್ಸಿಸ್ಟರುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ನಿಲ್ಲಿಸುತ್ತವೆ. ಹರಿಸಿದ ಹೊತ್ತು ಹೆಚ್ಚಿದಷ್ಟೂ ವೇಗ ಹೆಚ್ಚು. ರಿಸೀವರಿನಿಂದ ಬರುವ ಸಂಕೇತ 1 ಮಿಲಿಸೆಕೆಂಡಿನಷ್ಟಿದ್ದರೆ ನಿಲ್ಲು ಎಂದೂ 2 ಮಿಲಿಸೆಕೆಂಡಿನಷ್ಟಿದ್ದರೆ ಪೂರ್ಣವೇಗವೆಂದೂ ಅರ್ಥ. ಸಂಕೇತ ಕಡಿದರೆ ಮೋಟಾರು ನಿಲ್ಲಬೇಕು. ಲಿಥಿಯಂ ಬ್ಯಾಟರಿಯ ಕೋಶವೊಂದು 3 ವೋಲ್ಟಿನ ಸಮೀಪಕ್ಕಿಳಿದರೂ ನಿಲ್ಲಬೇಕು.

ಇಷ್ಟನ್ನೂ ಅಳವಡಿಸಿದ್ದ ಹುಡುಗ ಒಂದನ್ನು ಬಿಟ್ಟಿದ್ದ: ವೇಗದ ಕೋಲು ಪೂರ್ತಿ ಕೆಳಗಿರುವುದನ್ನು ಕಾಣುವ ತನಕ ಮೋಟಾರು ಹೊರಡಬಾರದೆಂಬ ನಿಯಮ. ಅಂದು ಕೋಲು ಮೇಲಿತ್ತು. ಯಂತ್ರ ಹೇಳಿದಂತೆ ಕೇಳಿತು. "ತಪ್ಪು ಯಂತ್ರದ್ದಲ್ಲ, ನನ್ನದು" ಎಂದು ಅವನೇ ನುಡಿದ.

ಆ ಮಾತು ನಮಗೆ ಮೆಚ್ಚುಗೆಯಾಯಿತು. ತಂದೆಗೆ ಹೇಳಿದೆವು: "ತನ್ನ ತಪ್ಪನ್ನು ತಾನೇ ಕಂಡುಕೊಂಡವನ ಕಾಯಕವನ್ನು ಬಿಡಿಸಬೇಡಿರಿ, ಅದಕ್ಕೊಂದು ಕ್ರಮ ಕಲಿಸಿರಿ. ಪಂಖ ಕಳಚಿಟ್ಟೇ ಪರೀಕ್ಷಿಸಲಿ. ಬ್ಯಾಟರಿ ಚಾರ್ಜಾಗುವಾಗ ಎದ್ದು ಹೋಗದಿರಲಿ. ಹಿರಿಯರೊಬ್ಬರು ಬಳಿಯಲ್ಲಿರಲಿ. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನಿನ ಒಂದೊಂದು ಮೋಟಾರಿಗೂ ಇಂಥದೇ ನಿಯಂತ್ರಕವಿದೆ. ಇದನ್ನು ಬರಿಯ ಆಟವೆಂದು ತಿಳಿಯಬೇಡಿರಿ."

ತಿಂಗಳೊಪ್ಪತ್ತಿನಲ್ಲಿ ತಂದೆ ಮರಳಿ ಬಂದರು. ಬಿಟ್ಟುಹೋಗಿದ್ದ ನಿಯಮವನ್ನು ಹುಡುಗ ಸೇರಿಸಿದ್ದಾನೆ. ಆದರೂ ಬ್ಯಾಟರಿ ಜೋಡಿಸುವ ಮುನ್ನ ಕೋಲು ಕೆಳಗಿದೆಯೇ ಎಂದು ನೋಡುವವರು ಈಗ ತಂದೆಯೇ ಅಂತೆ.

ಮಕ್ಕಳ ಉತ್ಸಾಹ ತೇರಿನ ಮಿಣಿ ಇದ್ದಂತೆ, ಅದನ್ನು ಕಡಿಯಬಾರದು. ಗಾಲಿಯ ಬಳಿ ಎಚ್ಚರದಿಂದ ನಿಲ್ಲುವುದು ಹಿರಿಯರ ಪಾಲಿನ ಸೇವೆ.