ಫ್ರಿಜ್ ಒಂದೇ ಉಂಟು ಮಾರಾಯ್ರೆ!

ಅಂಧೇರಿಯ ಐಟಿ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಹೂಡಿಕೆಯ ಸಲಹೆಗೆ ಬರವಿಲ್ಲ. ಊರಲ್ಲೊಂದು ಸೈಟು, ಚಿನ್ನ, ಮ್ಯೂಚುವಲ್ ಫಂಡ್ ಎಲ್ಲ ಆಯಿತು. ಕೆಲವು ವರ್ಷಗಳಿಂದ ಕ್ಯಾಂಟೀನಿನ ಮೇಜಿಗೆ ಹೊಸದೊಂದು ಮಾತು ಬಂದಿದೆ: ಬಿಯರ್. ಯಾರೋ ಪರಿಚಯದವರ ಸಣ್ಣ ಬ್ರೂವರಿ ಬೇರೆ ನಗರಕ್ಕೆ ಕಾಲಿಡುತ್ತಿದೆ, ಐದೋ ಹತ್ತೋ ಲಕ್ಷ ಹಾಕಿದರೆ ಪಾಲು ಸಿಗುತ್ತದಂತೆ. ಇಲ್ಲವೇ, ಷೇರುಪೇಟೆಗೆ ಇನ್ನೂ ಬಾರದ ಬಿಯರ್ ಕಂಪನಿಯ ಷೇರು ಈಗಲೇ ಖರೀದಿಸಿಟ್ಟರೆ ಐಪಿಒ ಹೊತ್ತಿಗೆ ಕೈತುಂಬ ಲಾಭವಂತೆ. ಹೇಳುವವರ ವಾದ ಸರಳ: 'ಶುಕ್ರವಾರ ರಾತ್ರಿ ಲಿಂಕ್ ರೋಡಿಗೆ ಹೋಗಿ ನೋಡು, ಕೂರಲು ಜಾಗ ಇರುವುದಿಲ್ಲ. ಕುಡಿಯುವವರು ಹೆಚ್ಚುತ್ತಲೇ ಇದ್ದಾರೆ. ಇನ್ನೇನು ಬೇಕು?'

ಮನೆಯಲ್ಲಿ ಮದ್ಯದ ಹೆಸರೆತ್ತಿದರೆ ಅಮ್ಮ ಮುಖ ಸಿಂಡರಿಸುವ ಚಿತ್ರದುರ್ಗದ ಕುಟುಂಬದಿಂದ ಬಂದವನು ನಾನು. ಕುಡಿಯಿರಿ ಎಂದಾಗಲಿ ಬೇಡ ಎಂದಾಗಲಿ ಹೇಳಲು ಇದನ್ನು ಬರೆಯುತ್ತಿಲ್ಲ. ಆದರೆ ನಮ್ಮ ವಯಸ್ಸಿನವರ ಉಳಿತಾಯ ಈ ಉದ್ಯಮದ ಕಡೆ ಹರಿಯುತ್ತಿರುವಾಗ, ಜನ ಕುಡಿಯುತ್ತಾರೆ ಎಂಬ ಒಂದೇ ಲೆಕ್ಕದ ಮೇಲೆ ದುಡ್ಡು ಹಾಕುವುದು ಅಪಾಯ ಎಂದು ಹೇಳಲೇಬೇಕು. ನಮ್ಮ ದೇಶದಲ್ಲಿ ಸಣ್ಣ ಬ್ರೂವರಿಯ ಬೆಳವಣಿಗೆಯನ್ನು ತೀರ್ಮಾನಿಸುವುದು ಗಿರಾಕಿಯ ನಾಲಿಗೆಯಲ್ಲ. ಬಾರಿನ ಫ್ರಿಜ್ಜಿನಲ್ಲಿ ಸಿಗುವ ಜಾಗ, ರಾಜ್ಯದ ಅಬಕಾರಿ ಇಲಾಖೆಯ ಮುದ್ರೆ, ಮತ್ತು ತಯಾರಿಸಿದ ಜಾಗದಿಂದ ಕುಡಿಯುವ ಜಾಗಕ್ಕಿರುವ ದೂರ, ಈ ಮೂರು.

ನಮ್ಮ ಬಡಾವಣೆಯಿಂದಲೇ ಆರಂಭಿಸುತ್ತೇನೆ. ಪುಣೆಯಲ್ಲಿ 2009ರಲ್ಲಿ ಶುರುವಾದ 'ಡೂಲಲಿ' ದೇಶದ ಆರಂಭದ ಮೈಕ್ರೊಬ್ರೂವರಿಗಳಲ್ಲಿ ಒಂದು. ಅದು 2015ರಲ್ಲಿ ಅಂಧೇರಿ ಪಶ್ಚಿಮದ ಹಳೆಯ ಕೈಗಾರಿಕಾ ಗಾಳಾವೊಂದಕ್ಕೆ ಬಂತು. ಪುಣೆಯದೇ ಆದ 'ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿ'ಯೂ ನಂತರ ಇಲ್ಲಿಗೇ ಬಂತು. ಡೊಂಬಿವಿಲಿಯಲ್ಲಿ ಹುಟ್ಟಿದ 'ಗೇಟ್‌ವೇ' ಪೀಪಾಯಿಗಳಲ್ಲಿ ತುಂಬಿ ಮುಂಬೈಯ ಬಾರುಗಳಿಗೆ ಕಳಿಸಿತು. ಲೋವರ್ ಪರೇಲಿನ 'ವೈಟ್ ಔಲ್' ಮೊದಲು ತನ್ನ ಜಾಗದಲ್ಲೇ ಬಡಿಸಿ, ಆಮೇಲೆ ಬಾಟಲಿಗೆ ಇಳಿಯಿತು. ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ಬಾಗಿಲು ತೆರೆದ 'ಟಾಯ್ಟ್' ಕೂಡ ಈಗ ಮುಂಬೈಯಲ್ಲಿದೆ. ಇವುಗಳ ಜೊತೆಗೆ ದೊಡ್ಡ ಕಂಪನಿಗಳ ಬಾಟಲಿಗಳು, ಗೋವಾದಿಂದ ಬರುವ ಡಬ್ಬಿಗಳು, ಹೊರದೇಶದ ಸರಕು. ಸಂತೆ ಎಂದರೆ ಇದೇ.

ಇಷ್ಟು ಜನ ಇರುವಾಗ ಹೊಸಬನಿಗೆ ಜಾಗ ಎಲ್ಲಿ? ಅಂಧೇರಿ ಪೂರ್ವದಲ್ಲಿ ಇಪ್ಪತ್ತು ವರ್ಷಗಳಿಂದ ಪರ್ಮಿಟ್ ರೂಮ್ ನಡೆಸುತ್ತಿರುವ, ಕಾರ್ಕಳ ಕಡೆಯ ಹಿರಿಯರೊಬ್ಬರನ್ನು ಈ ಪ್ರಶ್ನೆ ಕೇಳಿದ್ದೆ. ಸುರತ್ಕಲ್ಲಿನಲ್ಲಿ ಎಂ.ಟೆಕ್. ಓದುವಾಗ ಕಲಿತ ಅರೆಬರೆ ತುಳುವಿನಿಂದಾಗಿ ಅವರಿಗೆ ನನ್ನ ಮೇಲೆ ಸ್ವಲ್ಪ ಪ್ರೀತಿ. 'ಬಿಯರ್ ಚೆನ್ನಾಗಿರಬಹುದು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಫ್ರಿಜ್ ಒಂದೇ ಉಂಟು ಮಾರಾಯ್ರೆ! ದಿನಕ್ಕೆ ಹತ್ತು ಕೇಸ್ ಹೋಗುವವನನ್ನು ಎಬ್ಬಿಸಿ, ವಾರಕ್ಕೆ ಎರಡು ಬಾಟಲಿ ಹೋಗುವವನನ್ನು ಕೂರಿಸಲಿಕ್ಕೆ ಆಗ್ತದಾ?' ಎಂದರು. ಆ ಫ್ರಿಜ್ಜನ್ನೂ ಎಷ್ಟೋ ಕಡೆ ದೊಡ್ಡ ಕಂಪನಿಯೇ ಕೊಟ್ಟಿರುತ್ತದೆ. ಬಾಗಿಲ ಮೇಲೆ ಅದರದೇ ಹೆಸರು. ಸಾಲದ ಗಡುವು, ಸ್ಕೀಮು, ಒಡೆದ ಬಾಟಲಿಗೆ ಬದಲಿ, ಎಲ್ಲವನ್ನೂ ಅದು ಕೊಡಬಲ್ಲದು. ಸಣ್ಣವನ ಕೈಯಲ್ಲಿರುವುದು ರುಚಿ ಮಾತ್ರ.

ಆ ದೊಡ್ಡವರ ಗಾತ್ರವನ್ನೂ ತಿಳಿದಿರಬೇಕು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದೇ 1915ರಲ್ಲಿ, ಥಾಮಸ್ ಲೀಷ್‌ಮನ್ ಎಂಬಾತ ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಒಂದಾಗಿಸಿದಾಗ. ಸ್ವಾತಂತ್ರ್ಯದ ವರ್ಷ ನಮ್ಮ ಕರಾವಳಿ ಮೂಲದ ವಿಠ್ಠಲ ಮಲ್ಯ ಅದರ ಆಡಳಿತ ಮಂಡಳಿ ಸೇರಿದರು. 2021ರಲ್ಲಿ ನೆದರ್ಲೆಂಡ್ಸಿನ ಹೈನಕೆನ್ ಶೇ 61.5ರಷ್ಟು ಪಾಲು ಪಡೆದು ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಬಿಯರ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ದರ ನಿಗದಿ ಮಾಡುತ್ತಿದ್ದವು ಎಂದು ತೀರ್ಪು ಕೊಟ್ಟು ಯುನೈಟೆಡ್ ಬ್ರೂವರೀಸಿಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಗುಟ್ಟನ್ನು ಮೊದಲು ತಾನೇ ಬಿಚ್ಚಿಟ್ಟ ಮೂರನೇ ದೈತ್ಯ ಎಬಿ ಇನ್‌ಬೆವ್‌ಗೆ ವಿನಾಯಿತಿ ಸಿಕ್ಕಿತು. ಆಯೋಗದ ಪಟ್ಟಿಯಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ದಂಡದ ವಿರುದ್ಧ ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಸಣ್ಣವನು ಇಳಿಯುವ ಅಂಗಳ ಎಂಥದ್ದು ಎಂಬುದಕ್ಕೆ ಈ ಪ್ರಕರಣ ಸಾಕು.

ಇನ್ನು ಅಬಕಾರಿಯ ಮಾತು. ಸಾಫ್ಟ್‌ವೇರಿನವನಿಗೆ ಅರ್ಥವಾಗದ ಲೋಕ ಇದು. ನಾನು ಬರೆದ ಪ್ರೋಗ್ರಾಮು ಅಂಧೇರಿಯಲ್ಲಿ ಓಡಿದರೆ ಬೆಳಗಾವಿಯಲ್ಲೂ ಓಡುತ್ತದೆ. ನಿಪ್ಪಾಣಿ ದಾಟುವಾಗ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬಿಯರಿಗೆ ಮಾತ್ರ ಪ್ರತಿ ರಾಜ್ಯವೂ ಒಂದು ದೇಶ. ಸುಂಕ ಬೇರೆ, ಲೇಬಲ್ ನೋಂದಣಿ ಬೇರೆ, ಮಾರುವ ದಾರಿ ಬೇರೆ. ಮಹಾರಾಷ್ಟ್ರದಲ್ಲಿ ಖಾಸಗಿ ಸಗಟು ವ್ಯಾಪಾರಿಗಳಿದ್ದಾರೆ. ಕರ್ನಾಟಕದಲ್ಲಿ ಬಾಟಲಿ ಬಿಯರು ಸರ್ಕಾರಿ ಪಾನೀಯ ನಿಗಮದ ಮೂಲಕವೇ ಅಂಗಡಿ ಸೇರಬೇಕು. ತೆಲಂಗಾಣದಲ್ಲಿಯೂ ಕೊಳ್ಳುವುದು ಸರ್ಕಾರಿ ನಿಗಮವೇ. ಅಲ್ಲಿ ದರ ಪರಿಷ್ಕರಣೆ ಆಗಿಲ್ಲ, ಬಾಕಿ ಬಂದಿಲ್ಲ ಎಂದು ಯುನೈಟೆಡ್ ಬ್ರೂವರೀಸ್‌ನಂಥ ಕಂಪನಿಯೇ 2025ರ ಜನವರಿಯಲ್ಲಿ ಕೆಲವು ದಿನ ಪೂರೈಕೆ ನಿಲ್ಲಿಸಿತ್ತು. ಆನೆ ಮುನಿಸಿಕೊಂಡರೆ ಮಾತುಕತೆಗೆ ಕರೆಯುತ್ತಾರೆ. ಇರುವೆ ಮುನಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ?

ಹಲವು ರಾಜ್ಯಗಳಿಗೆ ಒಮ್ಮೆಲೇ ಹರಡುವುದರ ಬೆಲೆ ಏನೆಂದು ತೋರಿಸಿದ್ದು 'ಬೀರಾ 91'. 2015ರಲ್ಲಿ ಕ್ರಾಫ್ಟ್ ಬಿಯರ್ ಎಂದೇ ಬಂದ ಹೆಸರು ಅದು. ಮೊದಲು ಬೆಲ್ಜಿಯಂನಲ್ಲಿ ತಯಾರಾಗಿ ಬರುತ್ತಿತ್ತು, ನಂತರ ಇಲ್ಲೇ. ಕೋತಿಯ ಚಿತ್ರದ ಆ ಬಾಟಲಿ ನಮ್ಮ ಆಫೀಸಿನ ಪಾರ್ಟಿಗಳಲ್ಲೆಲ್ಲ ಕಾಣುತ್ತಿತ್ತು. ಜಪಾನಿನ ಕಿರಿನ್ ದುಡ್ಡು ಹಾಕಿತು. 2022ರಲ್ಲಿ 'ದಿ ಬಿಯರ್ ಕೆಫೆ' ಸರಣಿಯನ್ನೂ ಅದು ಕೊಂಡಿತು. ಆಮೇಲೆ ಐಪಿಒ ತಯಾರಿಯಲ್ಲಿ ಕಂಪನಿ ತನ್ನ ಹೆಸರಿನಿಂದ 'ಪ್ರೈವೇಟ್' ಎಂಬ ಒಂದು ಪದ ತೆಗೆಯಿತು. ಹೆಸರು ಬದಲಾಯಿತೆಂದರೆ ಲೇಬಲ್ ಬದಲಾಯಿತು, ಲೇಬಲ್ ಬದಲಾಯಿತೆಂದರೆ ರಾಜ್ಯ ರಾಜ್ಯದಲ್ಲೂ ಮತ್ತೆ ನೋಂದಣಿ. ತಿಂಗಳುಗಟ್ಟಲೆ ಮಾರಾಟ ನಿಂತಿತು. ಹಳೆಯ ಲೇಬಲ್ಲಿನ ಸುಮಾರು 80 ಕೋಟಿ ರೂಪಾಯಿಯ ದಾಸ್ತಾನು ನಷ್ಟದ ಲೆಕ್ಕ ಸೇರಿತು. 2022-23ರಲ್ಲಿ 824 ಕೋಟಿ ಇದ್ದ ವರಮಾನ ಮರುವರ್ಷ 638 ಕೋಟಿಗೆ ಇಳಿಯಿತು. ಆ ವರ್ಷದ ನಷ್ಟ 748 ಕೋಟಿ, ಅಂದರೆ ವರಮಾನಕ್ಕಿಂತ ಹೆಚ್ಚು. 2025ರಲ್ಲಿ ಉದ್ಯೋಗಿಗಳು ಸಂಬಳ ಬಾಕಿ ಇದೆ ಎಂದು ಬಹಿರಂಗವಾಗಿ ದೂರಿದರು.

ಬಿಯರ್ ಕೆಟ್ಟಿತ್ತೇ? ಇಲ್ಲ. ಗಿರಾಕಿ ಬೇಸತ್ತಿದ್ದನೇ? ಅದೂ ಅಲ್ಲ, ಕೇಳುವವರು ಕೇಳುತ್ತಲೇ ಇದ್ದರು. ನಷ್ಟ ಅದಕ್ಕೂ ಮುಂಚೆಯೇ ಇತ್ತು ಎನ್ನುವುದು ನಿಜ, ಆದರೆ ಒಂದೇ ರಾಜ್ಯದಲ್ಲಿ ಗಟ್ಟಿಯಾಗಿ ನಿಂತಿದ್ದವನಿಗೆ ಆ ಒಂದು ಪದದ ಪೆಟ್ಟು ಇಷ್ಟು ಜೋರಾಗಿ ಬೀಳುತ್ತಿರಲಿಲ್ಲ. ಇದರ ಷೇರುಗಳು ಪಟ್ಟಿಗೆ ಬರುವ ಮುನ್ನವೇ ಸಣ್ಣ ಹೂಡಿಕೆದಾರರ ಕೈಗೆ ಬಂದಿದ್ದವು ಎಂಬುದನ್ನು ಮರೆಯಬಾರದು. ಪಟ್ಟಿಯಾಗದ ಷೇರನ್ನು ಕೊಳ್ಳುವುದು ಸುಲಭ. ಕೆಟ್ಟ ದಿನ ಬಂದಾಗ ಮಾರಲು ಕೊಳ್ಳುವವರೇ ಸಿಗುವುದಿಲ್ಲ.

ಮೂರನೆಯದು ದೂರದ ಪ್ರಶ್ನೆ. ಸೋಸಿ, ಕಾಯಿಸಿ, ಬಾಟಲಿಗೆ ತುಂಬಿದ ದೊಡ್ಡ ಕಂಪನಿಯ ಬಿಯರು ತಿಂಗಳುಗಟ್ಟಲೆ ಗೋದಾಮಿನಲ್ಲಿ ಇರಬಲ್ಲದು. ಕಾಯಿಸದ ತಾಜಾ ಬಿಯರು ಹಾಲಿನ ಹಾಗೆ, ತಣ್ಣಗಿದ್ದಷ್ಟು ದಿನ ಮಾತ್ರ ಜೀವ. ತೊಟ್ಟಿಯಿಂದ ಪೀಪಾಯಿಗೆ, ಪೀಪಾಯಿಯಿಂದ ಟೆಂಪೋಗೆ, ಟೆಂಪೋದಿಂದ ಬಾರಿನ ನಲ್ಲಿಗೆ ಎಲ್ಲಿಯೂ ತಂಪು ತಪ್ಪಬಾರದು. ಬಾರಿನವನು ಕೊಳವೆ ತೊಳೆಯದಿದ್ದರೆ ಹುಳಿ ಬಂದು, ಹೆಸರು ಕೆಡುವುದು ತಯಾರಿಸಿದವನದು. ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಡೊಂಬಿವಿಲಿಯಿಂದ ಕೊಲಾಬಾಕ್ಕೆ ಸಾಗಿಸುವುದೇ ಸಾಹಸ, ಇನ್ನು ರಾಜ್ಯ ದಾಟಿಸುವ ಮಾತೆಲ್ಲಿ? ತೊಟ್ಟಿಯ ಲೆಕ್ಕವೂ ಹೀಗೆಯೇ. ಒಂದು ಏಲ್ ಹದಕ್ಕೆ ಬರಲು ಎರಡು ಮೂರು ವಾರ, ಲಾಗರ್ ಆದರೆ ಇನ್ನೂ ಹೆಚ್ಚು. ನಮ್ಮ ಸರ್ವರ್‌ಗಳ ಹಾಗೆ ರಾತ್ರಿ ಗಿರಾಕಿ ಹೆಚ್ಚಾದರೆಂದು ಬೆಳಗ್ಗೆ ಎರಡರಷ್ಟು ಮಾಡಲಾಗದು. ಹೊಸ ತೊಟ್ಟಿ ಎಂದರೆ ಹೊಸ ಬಂಡವಾಳ, ಹೊಸ ಜಾಗ, ಹೊಸ ಅನುಮತಿ. ಸಾಲದ ಕಂತು ಮಾತ್ರ ಯೀಸ್ಟ್‌ಗಾಗಿ ಕಾಯುವುದಿಲ್ಲ.

ಹಾಗಾದರೆ ಸಣ್ಣ ಬ್ರೂವರಿ ಬೆಳೆಯಲೇಬಾರದೇ? ಬೆಳೆಯಲಿ, ಆದರೆ ಮುಂಬೈಯಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳು ಬೆಳೆದ ಹಾಗೆ. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಅದೇ ಸ್ಟೇಷನ್ ಪಕ್ಕದಲ್ಲಿ ಬಾಳೆಲೆ ಹಾಕುತ್ತಿದೆ. ಒಂದು ಹೋಟೆಲಿನಲ್ಲಿ ಲೋಟ ತೊಳೆದು ಕೆಲಸ ಕಲಿತ ಹುಡುಗ ಎರಡು ಸ್ಟೇಷನ್ ಆಚೆ ತನ್ನದೇ ಹೋಟೆಲು ತೆರೆದ. ಹಿಟ್ಟು ರುಬ್ಬುವವನು, ಗಲ್ಲಾದಲ್ಲಿ ಕೂರುವವನು, ತರಕಾರಿ ತರುವವನು ಎಲ್ಲರೂ ಕಣ್ಣಳತೆಯಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಜಿಪುಣತನವೆಂದು ನಾವು ಓದಿದವರು ನಕ್ಕಿದ್ದೇವೆ. ನಗರ ತುಂಬ ಅಂಥ ನೂರಾರು ಹೋಟೆಲುಗಳಾದದ್ದು ಆ ಲೆಕ್ಕದಿಂದಲೇ. ಡೂಲಲಿ ಪುಣೆಯಿಂದ ಅಂಧೇರಿಗೆ ಬರಲು ಆರು ವರ್ಷ ತೆಗೆದುಕೊಂಡಿತು, ಬಳಿಕ ಬಾಂದ್ರಾ, ಖಾರ್, ಕೆಂಪ್ಸ್ ಕಾರ್ನರ್ ಎಂದು ಇದೇ ಊರಿನೊಳಗೆ ಹಬ್ಬಿತು. ಒಂದೇ ಅಬಕಾರಿ ಇಲಾಖೆ, ಒಂದೇ ಕಾನೂನು, ತನ್ನದೇ ನಲ್ಲಿ. ಯಾರ ಫ್ರಿಜ್ಜಿನಲ್ಲೂ ಜಾಗ ಬೇಡಬೇಕಿಲ್ಲ.

ಈ ದಾರಿಯೂ ಹೂವಿನ ಹಾಸಿಗೆಯಲ್ಲ. ವ್ಯಾಟ್ ಶೇ 5ರಿಂದ 10ಕ್ಕೆ, ಪರವಾನಗಿ ಶುಲ್ಕ ಶೇ 15ರಷ್ಟು ಹೆಚ್ಚಿದ ಮೇಲೆ, ಜೊತೆಗೆ ಮದ್ಯದ ಅಬಕಾರಿ ಸುಂಕವೂ ಏರಿದಾಗ, 'ಆಹಾರ್' ಸಂಘಟನೆಯ ಕರೆಯಂತೆ 2025ರ ಜುಲೈ 14ರಂದು ಇಲ್ಲಿನ ಬಾರುಗಳು ಬಾಗಿಲು ಹಾಕಿದ್ದವು. ಆ ಸಂಘಟನೆಯಲ್ಲಿ ನಮ್ಮ ಶೆಟ್ಟರದೇ ದೊಡ್ಡ ದನಿ. ಕಾರ್ಕಳದ ಹಿರಿಯರೂ ಅಂದು ಷಟರ್ ಎಳೆದಿದ್ದರು.

ನಮ್ಮ ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. ಬೆಂಗಳೂರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಮೈಕ್ರೊಬ್ರೂವರಿಗಳಿವೆ. ಆದರೆ ನಮ್ಮ ನಿಯಮದ ತಳಹದಿಯೇ ತಯಾರಿಸಿದ ಛಾವಣಿಯಡಿಯಲ್ಲೇ ಬಡಿಸಬೇಕು ಎಂಬುದು. ಹಾಗಾಗಿ ಅಲ್ಲಿ ಬೆಳೆಯಬೇಕೆಂದರೆ ದುಬಾರಿ ಬಾಡಿಗೆಯ ಇನ್ನೊಂದು ದೊಡ್ಡ ಕಟ್ಟಡವೇ ಬೇಕು. ತೆರಿಗೆ ಕಟ್ಟಿಸಿಕೊಂಡು, ಅಳತೆ ನೋಡಿ, ಪಕ್ಕದ ಬಾರಿಗೆ ನಾಲ್ಕು ಪೀಪಾಯಿ ಕೊಡಲು ಬಿಟ್ಟರೆ ಸಣ್ಣವನು ಊರಲ್ಲೇ ಬೆಳೆದಾನು, ಮೈಸೂರು ಹುಬ್ಬಳ್ಳಿಯ ಹುಡುಗರಿಗೂ ಕೆಲಸವಾದೀತು.

ಹೊರನಾಡಿನಲ್ಲಿ ದುಡಿಯುವ ಗೆಳೆಯರೇ, ಯಾರಾದರೂ ಬಿಯರ್ ಕಂಪನಿಯ ವಿಸ್ತರಣೆಗೆ ನಿಮ್ಮ ಉಳಿತಾಯ ಕೇಳಿದರೆ ಮೂರೇ ಪ್ರಶ್ನೆ ಕೇಳಿ. ಎಷ್ಟು ರಾಜ್ಯಗಳ ಅಬಕಾರಿ ಕಚೇರಿಗೆ ಅಲೆಯಬೇಕು? ತಯಾರಾದ ಬಿಯರು ಗ್ಲಾಸಿಗೆ ಬೀಳುವ ತನಕ ಎಷ್ಟು ಕಿಲೋಮೀಟರ್, ಎಷ್ಟು ದಿನ? ಅದು ಕೂರುವ ಫ್ರಿಜ್ ಯಾರದು? ಮೂರಕ್ಕೂ ನೇರ ಉತ್ತರ ಸಿಕ್ಕರೆ ಯೋಚಿಸಿ. ಇನ್‌ಸ್ಟಾಗ್ರಾಮಿನ ಫಾಲೋವರ್‌ಗಳ ಸಂಖ್ಯೆಯನ್ನೇ ಉತ್ತರವಾಗಿ ಕೊಟ್ಟರೆ, ಅವರ ಜೊತೆ ಒಂದು ಗ್ಲಾಸು ಬಿಯರೋ ಮಜ್ಜಿಗೆಯೋ ಕುಡಿದು, ಚೆಕ್ ಬುಕ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿ.