ಚಂದ್ರ ಮೊಟ್ಟೆಯಾದಾಗ

ಬ್ರಿಟನ್ನಿನ ಬಿ.ಬಿ.ಸಿ. ಟಿ.ವಿ.ಯಲ್ಲಿ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಥೆಗಳ ಧಾರಾವಾಹಿ ಆರಂಭವಾದದ್ದು 1963ರ ನವೆಂಬರ್ 23ರಂದು. ಡಾಕ್ಟರ್ ಎಂಬ ಅನ್ಯಲೋಕದವನು ಬೀದಿಬದಿಯ ನೀಲಿ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯಂತೆ ಕಾಣುವ ವಾಹನದಲ್ಲಿ ಕಾಲವನ್ನೇ ದಾಟಿ ಸುತ್ತುತ್ತಾನೆ. ಹೊರಗಿನಿಂದ ಇಬ್ಬರು ನಿಲ್ಲುವಷ್ಟು ಜಾಗ, ಒಳಗೆ ದೊಡ್ಡ ಹಜಾರ! ಅವನ ಮೊದಲ ಸಹಯಾತ್ರಿಗಳಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರು, ಒಬ್ಬಾಕೆ ಚರಿತ್ರೆಯ ಅಧ್ಯಾಪಕಿ. ಕಥೆಯ ನೆಪದಲ್ಲಿ ಈ ಎರಡೂ ವಿಷಯಗಳು ಮಕ್ಕಳಿಗೆ ಒಂದಿಷ್ಟು ತಿಳಿಯಲಿ ಎಂಬುದು ಆರಂಭದ ಉದ್ದೇಶವಾಗಿತ್ತು. ಮುಂದೆ 1966ರಲ್ಲಿ ಕಿಟ್ ಪೆಡ್ಲರ್ ಎಂಬ ವೈದ್ಯವಿಜ್ಞಾನಿ ಸಲಹೆಗಾರರಾಗಿಯೂ ಬಂದರು.

ಇಂಥ ಹಿನ್ನೆಲೆಯ ಧಾರಾವಾಹಿಯಲ್ಲಿ 2014ರ ಅಕ್ಟೋಬರ್ 4ರಂದು ‘ಕಿಲ್ ದ ಮೂನ್’ ಎಂಬ ಕಂತು ಪ್ರಸಾರವಾಯಿತು. ಮೆಚ್ಚಿದವರೂ ಇದ್ದರು. ಆದರೆ ವಿಜ್ಞಾನ ಬಲ್ಲ ನೋಡುಗರಲ್ಲಿ ಹಲವರಿಗೆ ನಿರಾಸೆಯಾಯಿತು.

ಕಥೆ ನಡೆಯುವುದು 2049ರಲ್ಲಿ. ಚಂದ್ರನ ತೂಕ ಹೆಚ್ಚಿ ಭೂಮಿಯ ಸಮುದ್ರಗಳು ಉಕ್ಕೇರಿವೆ. ಅಣುಬಾಂಬುಗಳೊಡನೆ ಚಂದ್ರನಲ್ಲಿಗೆ ಹೋದವರು ತೇಲುತ್ತಾ ಕುಪ್ಪಳಿಸುವ ಬದಲು ನಮ್ಮ ರಸ್ತೆಯಲ್ಲಿ ನಡೆದಂತೆ ನಡೆಯುತ್ತಾರೆ. ಕಾರಣವೇನು? ಚಂದ್ರ ಒಂದು ಮೊಟ್ಟೆಯಂತೆ! ಒಳಗೆ ಬೆಳೆಯುತ್ತಿರುವ ಮರಿಯ ತೂಕ 130 ಕೋಟಿ ಟನ್ ಅಂತೆ!

ನಿರಾಸೆಗೆ ಕಾರಣ ಮೊಟ್ಟೆಯಲ್ಲ. ಹೊರಗಿಗಿಂತ ಒಳಗೆ ದೊಡ್ಡದಾದ ಪೆಟ್ಟಿಗೆಯನ್ನು ಐವತ್ತು ವರ್ಷ ಒಪ್ಪಿಕೊಂಡ ನೋಡುಗ ಚಂದ್ರ ಮೊಟ್ಟೆ ಎಂದರೆ ಅದನ್ನೂ ಒಪ್ಪಿಯಾನು. ಆದರೆ ಒಪ್ಪಿದ ಮೇಲೆ ಲೆಕ್ಕ ಸರಿಯಿರಬೇಕಲ್ಲವೇ? ಈ ಲೆಕ್ಕ ಪ್ರೌಢಶಾಲೆಯ ಹುಡುಗನೂ ಮಾಡಬಲ್ಲದ್ದು.

ಚಂದ್ರನ ದ್ರವ್ಯರಾಶಿ ಟನ್ನುಗಳಲ್ಲಿ ಸುಮಾರು 73ರ ಮುಂದೆ 18 ಸೊನ್ನೆ. ಅದನ್ನು 130 ಕೋಟಿಯಿಂದ ಭಾಗಿಸಿದರೆ ಸುಮಾರು 5,600 ಕೋಟಿ ಬರುತ್ತದೆ. ಅಂದರೆ ಹೆಚ್ಚಿದ್ದು 5,600 ಕೋಟಿಯಲ್ಲಿ ಒಂದು ಪಾಲು. 50 ಕಿಲೋ ತೂಗುವ ವಿದ್ಯಾರ್ಥಿಯ ತೂಕ ಇದೇ ಪ್ರಮಾಣದಲ್ಲಿ ಏರಿದರೆ, ಏರಿಕೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ! ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗ. ಗಾತ್ರ ಹಾಗೆಯೇ ಇದ್ದು ಗುರುತ್ವ ಭೂಮಿಯಷ್ಟಾಗಬೇಕಾದರೆ ದ್ರವ್ಯರಾಶಿ ಆರು ಪಟ್ಟಾಗಬೇಕು. 130 ಕೋಟಿ ಟನ್ ಎಲ್ಲಿ ಸಾಕು? ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಇದರಿಂದ ಸಮುದ್ರದ ಉಬ್ಬರ ಕಣ್ಣಿಗೆ ಕಾಣುವಷ್ಟೂ ಬದಲಾಗದು.

ಇನ್ನೊಂದು ಮಾತು. ಮೊಟ್ಟೆಯೊಳಗೆ ಮರಿ ಬೆಳೆದರೆ ಮೊಟ್ಟೆಯ ತೂಕ ಹೆಚ್ಚುತ್ತದೆಯೇ? ಮರಿ ಬೆಳೆಯುವುದು ಒಳಗಿರುವ ಹಳದಿ ಮತ್ತು ಬಿಳಿ ಭಾಗಗಳನ್ನು ಉಂಡು. ಹೊರಗಿನಿಂದ ಬರುವುದು ಆಮ್ಲಜನಕ ಮಾತ್ರ. ಹೊರಹೋಗುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ. 60 ಗ್ರಾಂ ತೂಗುವ ಕೋಳಿಮೊಟ್ಟೆ ಕಾವಿಗೆ ಕೂತ 21 ದಿನಗಳಲ್ಲಿ ಏಳೆಂಟು ಗ್ರಾಂ ಹಗುರವಾಗುತ್ತದೆ! ಕಥೆಯ ಕೊನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ, ತಾನು ಹುಟ್ಟಿದ ಮೊಟ್ಟೆಯಷ್ಟೇ ದೊಡ್ಡ ಹೊಸ ಮೊಟ್ಟೆಯನ್ನು ಆ ಕ್ಷಣವೇ ಇಟ್ಟು ಹಾರಿಹೋಗುತ್ತದೆ. ಅಷ್ಟು ದ್ರವ್ಯ ಎಲ್ಲಿಂದ ಬಂತೋ, ಕಥೆಗಾರ ಹೇಳುವುದಿಲ್ಲ.

ನೋಡುಗರ ಸಂಕಟ ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಕಥೆ ಎತ್ತಿದ ಪ್ರಶ್ನೆ ದೊಡ್ಡದು: ಕೋಟಿ ಕೋಟಿ ಜನರನ್ನು ಉಳಿಸಲು ಇನ್ನೂ ಹುಟ್ಟದ ಒಂದು ಜೀವಿಯನ್ನು ಕೊಲ್ಲಬಹುದೇ? ಡಾಕ್ಟರ್ ನಿರ್ಧಾರವನ್ನು ಮನುಷ್ಯರಿಗೇ ಬಿಟ್ಟು ಹೊರಡುತ್ತಾನೆ. ಕೊಲ್ಲಿರಿ ಎನ್ನುವವರು ದೀಪ ಆರಿಸಿ ಎಂದು ಭೂಮಿಗೆ ಸಂದೇಶ ಹೋಗುತ್ತದೆ. ಇಲ್ಲಿಯೂ ಚಂದ್ರನಿಂದ ಒಮ್ಮೆಗೆ ಕಾಣುವುದು ಭೂಮಿಯ ಅರ್ಧ ಮಾತ್ರ. ಆ ಅರ್ಧದಲ್ಲೂ ದೀಪ ಕಾಣುವುದು ರಾತ್ರಿಯಿದ್ದ ಕಡೆ. ಉಳಿದವರ ಮತ ಯಾರು ಎಣಿಸಿದರು? ಅಪಾಯದ ಲೆಕ್ಕವೇ ಸುಳ್ಳಾದಾಗ ಧರ್ಮಸಂಕಟವೂ ಸಡಿಲವಾಗುತ್ತದೆ. ಒಳ್ಳೆಯ ಪ್ರಶ್ನೆಯೊಂದು ಹೀಗೆ ಕೈತಪ್ಪಿತಲ್ಲ ಎಂಬುದೇ ನೋಡುಗರ ನಿಜವಾದ ಕೊರಗು.

ಪೋಷಕರು ಗಮನಿಸಬೇಕಾದ ಅಂಶ ಇಲ್ಲಿದೆ. ಟಿ.ವಿ. ನೋಡುತ್ತಿರುವ ಮಗು “ಅಪ್ಪಾ, ಇದು ಹೇಗೆ ಸಾಧ್ಯ?” ಎಂದು ಕೇಳಿದರೆ, “ಕಥೆ ಕಣೋ, ಸುಮ್ಮನೆ ನೋಡು” ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಆ ಅಸಮಾಧಾನ ಕಥೆಯ ಮೇಲಿನ ದ್ವೇಷವಲ್ಲ, ಕಥೆಯನ್ನು ಮನಸ್ಸಿಟ್ಟು ನೋಡಿದ್ದರ ಗುರುತು. ಒಂದು ಕಾಗದ, ಒಂದು ಪೆನ್ಸಿಲ್ ಕೊಟ್ಟು “ಎಲ್ಲಿ, ಲೆಕ್ಕ ಹಾಕಿ ನೋಡೋಣ” ಎಂದು ಜೊತೆಗೆ ಕೂತರೆ ಸಾಕು. ಕೋಳಿ ಸಾಕುವ ಮನೆಯಾದರೆ ಇನ್ನೂ ಒಳ್ಳೆಯದು. ಕಾವಿಗೆ ಇಡುವ ಮುನ್ನ ಮೊಟ್ಟೆಯನ್ನು ತೂಗಿ ಗುರುತು ಹಾಕಿ, ಹದಿನೆಂಟನೆಯ ದಿನ ಮತ್ತೆ ತೂಗಿ ನೋಡಲಿ.